ಇಪ್ಪತ್ತು ಎಣಿಸುವಷ್ಟು ಹೊತ್ತು

ಅಪ್ಪನ ಜೀಪಿನ ಎಂಜಿನ್ ಇಳಿಸಿದ ದಿನ ಅವ್ವ ಅಡಿಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ಕಳೆದ ವರ್ಷದ ಏಪ್ರಿಲ್. ಕಾಫಿಯ ಹೂಮಳೆ ಬಿದ್ದು ಹದಿನೈದು ದಿನವಾಗಿತ್ತು, ಕೊಯ್ಲು ಮುಗಿದು ಕಣ ಖಾಲಿ ಇತ್ತು. ಕಣದ ಮೂಲೆಯಲ್ಲಿ ಸಿಲ್ವರ್ ಮರದ ಮೂರು ಗಳಗಳನ್ನು ತುದಿಯಲ್ಲಿ ಸೇರಿಸಿ ಕಟ್ಟಿ ಚೈನ್ ಬ್ಲಾಕ್ ನೇತುಹಾಕಿದ್ದೆವು. ಬಾನೆಟ್ಟು, ಗ್ರಿಲ್ಲು, ರೇಡಿಯೇಟರು ಬಿಚ್ಚಿ ಗೋಣಿಚೀಲದ ಮೇಲೆ ಸಾಲಾಗಿ ಮಲಗಿಸಿತ್ತು. ಮೆಕ್ಯಾನಿಕ್ ಭಾಯಿ ಸರಪಳಿ ಎಳೆದರು. ಎಂಜಿನ್ ಕದಲಲಿಲ್ಲ, ಜೀಪೇ ಮೂಗೆತ್ತಿತು. ಮೂವತ್ತೈದು ವರ್ಷಕ್ಕೂ ಮೇಲೆ ಆ ಕಬ್ಬಿಣದ ಭಾರಕ್ಕೆ ತಗ್ಗಿ ಕೂತಿದ್ದ ಮುಂದಿನ ಸ್ಪ್ರಿಂಗ್ ಪ್ಲೇಟುಗಳು, ನೊಗ ಇಳಿಸಿದ ಎತ್ತು ಕತ್ತು ಎತ್ತುವ ಹಾಗೆ, ನಿಧಾನವಾಗಿ ಮೇಲೆ ಬಂದವು. ಆಮೇಲೆ ಎಂಜಿನ್ ಮೌಂಟಿಂಗ್ ಬಿಟ್ಟು ಗಾಳಿಯಲ್ಲಿ ಒಂದು ಸುತ್ತು ತಿರುಗಿ ನಿಂತಿತು.

"ಇಳೀತು ಅಕ್ಕಾ" ಅಂದರು ಭಾಯಿ. ಅಡಿಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

ಹಿಂದಿನ ರಾತ್ರಿ ಅವ್ವ ಕೇಳಿದ್ದಳು: "ಎಂಜಿನ್ನೇ ತೆಗೆದ ಮೇಲೆ ಅದು ಅಪ್ಪನ ಜೀಪು ಹೆಂಗಾಯ್ತದೆ ಮಾರಾಯ್ತಿ?"

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎರಡು ವರ್ಷ ತತ್ವಶಾಸ್ತ್ರ ಓದಿ ಬಂದವಳು ನಾನು. ಇಂಥ ಪ್ರಶ್ನೆಗೆ ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ, ಅದೇ ತಾಪತ್ರಯ. ಮಿಲಿಂದನ ಕತೆ ಹೇಳಿದೆ. ಕ್ರಿಸ್ತಪೂರ್ವ ಎರಡನೇ ಶತಮಾನದ ಗ್ರೀಕ್ ದೊರೆ ಮಿನಾಂಡರ್, ಪಾಲಿ ಗ್ರಂಥದಲ್ಲಿ ಮಿಲಿಂದ. ರಥದಲ್ಲಿ ಬಂದು ನಾಗಸೇನ ಭಿಕ್ಷುವಿನ ಎದುರು ಕೂರುತ್ತಾನೆ. ಭಿಕ್ಷು ಕೇಳುತ್ತಾನೆ: ಮೂಕಿ ರಥವೋ? ಅಲ್ಲ. ಅಚ್ಚು? ಅಲ್ಲ. ಗಾಲಿ? ಅಲ್ಲ. ಎಲ್ಲ ಒಟ್ಟುಗೂಡಿಸಿದ ರಾಶಿ? ಅಲ್ಲ. ಇವೆಲ್ಲವನ್ನೂ ಬಿಟ್ಟು ಬೇರೆಲ್ಲೋ ರಥ ಇದೆಯೋ? ಅದೂ ಇಲ್ಲ. ಹಾಗಾದರೆ ದೊರೆಯೇ, ನೀನು ಯಾವುದರಲ್ಲಿ ಬಂದೆ? ಕೊನೆಗೆ ದೊರೆಯೇ ಒಪ್ಪುತ್ತಾನೆ, ಇವನ್ನೆಲ್ಲ ನೆಚ್ಚಿಕೊಂಡು ರಥ ಅಂತೊಂದು ಹೆಸರು ನಡೆಯುತ್ತದೆ, ಅಷ್ಟೇ ಅಂತ.

ಅವ್ವ ಅವರೆಕಾಳು ಸುಲಿಯುತ್ತ ಪೂರ್ತಿ ಕೇಳಿದಳು. "ಆ ರಾಜನ ಅಪ್ಪ ಓಡಿಸ್ತಿದ್ದ ರಥವಾ ಅದು?" ಅಂದಳು.

ಗ್ರಂಥದಲ್ಲಿ ಆ ಪ್ರಶ್ನೆ ಇಲ್ಲ.

ನಮ್ಮದು 1988ರ ಮಹೀಂದ್ರಾ ಎಂಎಂ 540. ಮೂಡಿಗೆರೆ ತಾಲ್ಲೂಕಿನ ಇಳಿಜಾರಿನ ತೋಟಗಳಲ್ಲಿ ಆಗ ಜೀಪು ಇಲ್ಲದ ಮನೆ ಇತ್ತು, ಜೀಪು ಕಾಣದ ಮದುವೆ, ಹೆರಿಗೆ, ಹೆಣ ಇರಲಿಲ್ಲ. ಅದರೊಳಗಿದ್ದದ್ದು ಪ್ಯೂಜೋ ಡೀಸೆಲ್ ಎಂಜಿನ್: 2112 ಸಿಸಿ, 62 ಅಶ್ವಶಕ್ತಿ, ಟರ್ಬೋ ಗಿರ್ಬೋ ಏನೂ ಇಲ್ಲದ್ದು, ತನ್ನ ಉಸಿರು ತಾನೇ ಎಳೆದುಕೊಳ್ಳುವಂಥದ್ದು. ಚಳಿಗಾಲದ ಬೆಳಗ್ಗೆ ಸೀದಾ ಸ್ಟಾರ್ಟ್ ಆಗುತ್ತಿರಲಿಲ್ಲ. ಹೀಟರ್ ಪ್ಲಗ್ ಕಾಯಬೇಕು. ಅಪ್ಪ ಸೀಟಿನಲ್ಲಿ ಕೂತು, ಹೀಟರಿನ ಸ್ವಿಚ್ಚು ಒತ್ತಿ ಹಿಡಿದು, ಇಪ್ಪತ್ತರವರೆಗೆ ಎಣಿಸುತ್ತಿದ್ದರು. ಗಟ್ಟಿಯಾಗಿ. ಅವಸರವೂ ಇಲ್ಲ, ಆಲಸ್ಯವೂ ಇಲ್ಲ. ಅವ್ವ ಒಳಗಿಂದ "ಎಣಿಸಿ ಆಯ್ತಾ? ಕಾಫಿ ಆರ್ತದೆ" ಅನ್ನುವಳು. ಇಪ್ಪತ್ತಕ್ಕೆ ಚಾವಿ ತಿರುಗಿಸಿ, ಎಂಜಿನ್ನನ್ನು ಓಡಲು ಬಿಟ್ಟು, ಅವರು ಒಳಗೆ ಬಂದು ಕಾಫಿ ಕುಡಿಯುತ್ತಿದ್ದರು. ನನ್ನ ಬಾಲ್ಯದ ಸುಪ್ರಭಾತ ಅದೇ.

ಆ ಎಂಜಿನ್ ಈಗ ಮುದಿಯಾಗಿತ್ತು. ಮೇಲಿನ ತೋಟಕ್ಕೆ ಹತ್ತು ಮೂಟೆ ಗೊಬ್ಬರ ಹೇರಿಕೊಂಡು ಹೋದರೆ ಕೊನೆಯ ತಿರುವಿನಲ್ಲಿ ಫೋರ್‌ವೀಲ್ ಹಾಕಿ, ಲೋ ಗೇರ್ ಹಾಕಿ, ಹಣ್ಣುಕಾಯಿಯ ಹರಕೆಯನ್ನೂ ಹೇಳಿಕೊಳ್ಳಬೇಕು. ಹೊಗೆಗೆ ಹಿಂದೆ ಬರುವ ಆಳುಗಳು ಮುಖಕ್ಕೆ ಟವೆಲ್ ಸುತ್ತಿಕೊಳ್ಳುತ್ತಿದ್ದರು. ಒಮ್ಮೆ ರಿಂಗು, ಪಿಸ್ಟನ್ನು ಬದಲಾಯಿಸಿಯಾಗಿತ್ತು. ಮತ್ತೆ ಅದಕ್ಕೇ ದುಡ್ಡು ಸುರಿಯುವುದು ಬೇಡ ಅನ್ನಿಸಿತು. ಮಹೀಂದ್ರಾ ಕಂಪನಿಯದ್ದೇ 2523 ಸಿಸಿಯ ಟರ್ಬೋ ಡಿಐ ಎಂಜಿನ್ ಒಂದು ಸಿಕ್ಕಿತು. ಇಂಟರ್‌ನ್ಯಾಷನಲ್ ಟ್ರ್ಯಾಕ್ಟರುಗಳ ಎಂಜಿನ್ನಿನ ವಂಶದ್ದು. ಬೋರು 88.9 ಮಿಲಿಮೀಟರ್, ಸ್ಟ್ರೋಕು 101.6. ಈ ಲೆಕ್ಕ ಯಾಕಿಷ್ಟು ಸೊಟ್ಟ ಅಂತ ಕೂತು ಭಾಗಿಸಿದರೆ ಸರಿಯಾಗಿ ಮೂರೂವರೆ ಇಂಚು, ನಾಲ್ಕು ಇಂಚು. ಎಷ್ಟು ಸಲ ಮೈ ಬದಲಿಸಿ ಬಂದರೂ ಅಜ್ಜನ ಮೂಗು ಮೊಮ್ಮಗನಲ್ಲಿ ಕಾಣುವ ಹಾಗೆ ಆ ಇಂಚು ಒಳಗೆ ಉಳಿದುಕೊಂಡಿದೆ.

ಟರ್ಬೋ ಏನು ಮಾಡುತ್ತದೆ ಅನ್ನುವುದನ್ನು ನಾನು ಮೊದಲ ಸಲ ಕೈಯಲ್ಲಿ ಹಿಡಿದು ನೋಡಿದೆ. ಬಸವನಹುಳುವಿನ ಎರಡು ಚಿಪ್ಪು ಬೆನ್ನಿಗೆ ಬೆನ್ನು ಅಂಟಿಸಿದ ಹಾಗಿದೆ. ಸುಟ್ಟು ಹೊರಗೆ ಹೋಗುವ ಹೊಗೆ ಒಂದು ಚಿಪ್ಪಿನೊಳಗಿನ ಚಕ್ರ ತಿರುಗಿಸುತ್ತದೆ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊಸ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ನಿಮಿಷಕ್ಕೆ ಲಕ್ಷ ಸುತ್ತು ದಾಟುವ ಆ ಅಚ್ಚನ್ನು ಹಿಡಿದಿರುವುದು ಎಣ್ಣೆಯ ಒಂದು ತೆಳು ಪದರ ಮಾತ್ರ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಭಗವದ್ಗೀತೆಯ ನಾಲ್ಕನೇ ಅಧ್ಯಾಯದಲ್ಲಿ ಪ್ರಾಣವನ್ನು ಅಪಾನದಲ್ಲೂ ಅಪಾನವನ್ನು ಪ್ರಾಣದಲ್ಲೂ ಹೋಮ ಮಾಡುವವರ ಮಾತು ಬರುತ್ತದೆ. ಓದುವಾಗ ಅದು ನನಗೆ ಬರಿಯ ಪದವಾಗಿತ್ತು. ಬಿಟ್ಟ ಉಸಿರೇ ಮುಂದಿನ ಉಸಿರನ್ನು ತಳ್ಳುವ ಈ ಯಂತ್ರ ಅಂಗೈಯಲ್ಲಿ ಕೂತಾಗ ಆ ಹೋಮಕ್ಕೆ ಒಂದು ಆಕಾರ ಸಿಕ್ಕಿತು. ಭಾಯಿಗೆ ಹೇಳಿದೆ. "ಹೋಮಗೀಮ ಆಮೇಲೆ ಅಕ್ಕಾ, ಆ ಹದಿನೇಳರ ಸ್ಪ್ಯಾನರ್ ಕೊಡಿ" ಅಂದರು.

ಛಾಂದೋಗ್ಯದಲ್ಲಿ ಇಂದ್ರಿಯಗಳ ಜಗಳ ಬರುತ್ತದಲ್ಲ, ಯಾರು ದೊಡ್ಡವರು ಅಂತ. ಮಾತು ಒಂದು ವರ್ಷ ಮೈ ಬಿಟ್ಟು ಹೋಗಿ ಬರುತ್ತದೆ, ಮೈ ಮೂಕನಂತೆ ಬದುಕಿರುತ್ತದೆ. ಕಣ್ಣು ಹೋಗುತ್ತದೆ, ಕುರುಡನಂತೆ ಬದುಕಿರುತ್ತದೆ. ಕಿವಿ, ಮನಸ್ಸು ಎಲ್ಲದರದ್ದೂ ಇದೇ ಕತೆ. ಕೊನೆಗೆ ಪ್ರಾಣ ಹೊರಡಲು ಎದ್ದಾಗ, ಒಳ್ಳೇ ಕುದುರೆ ಕಾಲಿಗೆ ಕಟ್ಟಿದ ಗೂಟಗಳನ್ನು ಕಿತ್ತುಕೊಂಡು ಏಳುವ ಹಾಗೆ, ಉಳಿದವೆಲ್ಲ ಬುಡಸಮೇತ ಕಿತ್ತುಬರುತ್ತವೆ. ನಮ್ಮ ಜೀಪು ಈ ಪರೀಕ್ಷೆಯನ್ನು ಎಂದೋ ಕೊಟ್ಟಿತ್ತು. ಹಾರ್ನು ಹೋಗಿ ನಾಲ್ಕು ವರ್ಷ, ಮೀಟರು ಹೋಗಿ ಹತ್ತು ವರ್ಷ, ಮೂಕನಂತೆ ಕುರುಡನಂತೆ ಬದುಕಿತ್ತು. ಎಂಜಿನ್ ಎದ್ದ ದಿನ ಮಾತ್ರ ಹೋಸು, ವೈರು, ಪೈಪು, ಕೇಬಲ್ಲು ಎಲ್ಲ ಕಿತ್ತು ಜೋತಾಡಿದವು. ಹಾಗಾದರೆ ಉಪನಿಷತ್ತಿನ ಲೆಕ್ಕದಲ್ಲಿ ಅವ್ವನದೇ ಸರಿ, ಜೀವ ಹೋಯಿತು. ಆದರೆ ಆ ಗೂಟದ ಜಾಗದಲ್ಲಿ ಇನ್ನೊಂದು ಕುದುರೆ ತಂದು ಕಟ್ಟಿದರೆ ಏನು ಹೇಳಬೇಕು, ಆ ಮಾತು ಅಲ್ಲಿಲ್ಲ.

ಮೂರನೇ ದಿನ ಗುಜರಿಯವನು ಬಂದ. ಊರಲ್ಲಿ ಎಲ್ಲಿ ಸ್ಪ್ಯಾನರ್ ಸದ್ದಾದರೂ ಅವನಿಗೆ ಗೊತ್ತಾಗುತ್ತದೆ. ಕಣದಲ್ಲಿ ಮೂರು ಜನ ಇದ್ದೆವು. ಅವ್ವ ಮೊದಲ ಸಲ ಹೊರಗೆ ಬಂದು ಹಳೇ ಎಂಜಿನ್ನಿನ ಮುಂದೆ ನಿಂತಿದ್ದಳು, ಸೆರಗು ಬಾಯಿಗೆ ಹಿಡಿದು. ನಾನು ಹೊಸ ಎಂಜಿನ್ನಿನ ಮಗ್ಗುಲಲ್ಲಿ ಮೊಣಕೈವರೆಗೆ ಗ್ರೀಸು ಮಾಡಿಕೊಂಡು ಹಿಗ್ಗಿನಲ್ಲಿದ್ದೆ. ಗುಜರಿಯವನು ಎರಡನ್ನೂ ಒಂದೇ ಕಣ್ಣಲ್ಲಿ ನೋಡಿ, "ಎರಡೂ ಬೀಡೇ ಅಲ್ವಾ ಅಕ್ಕಾ. ಯಾವ್ದು ಕೊಟ್ರೂ ಕೇಜಿಗೆ ಅದೇ ರೇಟು" ಅಂದ.

ನನಗೆ ಅಲ್ಲೇ ನಗು ಬಂತು. ಯಾಕೆಂದರೆ ಈ ಮೂವರನ್ನು ಸಮಂತಭದ್ರಾಚಾರ್ಯರು ಎಂದೋ ನೋಡಿಬಿಟ್ಟಿದ್ದಾರೆ. ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿ ಎಂಬ ಶಾಸನದಲ್ಲಿ ಹೊಗಳಿಸಿಕೊಂಡ ದಿಗಂಬರ ಆಚಾರ್ಯರು ಇವರು. ಅವರ ಆಪ್ತಮೀಮಾಂಸೆಯಲ್ಲಿ ಒಂದು ಚಿನ್ನದ ಕೊಡ ಇದೆ. ಅದನ್ನು ಮುರಿದು ಕಿರೀಟ ಮಾಡುತ್ತಾರೆ. ಕೊಡ ಬೇಕಾಗಿದ್ದವನಿಗೆ ದುಃಖ, ಕಿರೀಟ ಬೇಕಾಗಿದ್ದವನಿಗೆ ಸಂತೋಷ, ಚಿನ್ನ ಬೇಕಾಗಿದ್ದವನಿಗೆ ಎರಡೂ ಇಲ್ಲ. ಮೂವರದ್ದೂ ಸಕಾರಣ ಅನ್ನುತ್ತಾರೆ ಆಚಾರ್ಯರು. ಹುಟ್ಟು, ಅಳಿವು, ಉಳಿವು ಒಂದೇ ವಸ್ತುವಿನಲ್ಲಿ ಒಂದೇ ಗಳಿಗೆಯಲ್ಲಿ ಇರುತ್ತವೆ ಅನ್ನುವುದಕ್ಕೆ ಅದು ಅವರ ಸಾಕ್ಷಿ. ಓದಿದಾಗ ನಾನು ಚಿನ್ನದವನನ್ನು ಜ್ಞಾನಿ ಅಂದುಕೊಂಡಿದ್ದೆ, ಸ್ಥಿತಪ್ರಜ್ಞ ಅಂತ. ಆ ಸ್ಥಾನದಲ್ಲಿ ಗುಜರಿಯವನು ತಕ್ಕಡಿ ಹಿಡಿದು ನಿಂತಿದ್ದ. ಬೀಡಿನ ಮೇಲೆ ಮಾತ್ರ ಕಣ್ಣಿದ್ದರೆ ಸಮಚಿತ್ತ ಎಷ್ಟು ಸುಲಭ!

ಅವ್ವ ಅವನಿಗೆ ಎಂಜಿನ್ ಕೊಡಲು ಬಿಡಲಿಲ್ಲ.

ಈಗ ಹೇಳಲೇಬೇಕಾದ ಮಾತಿಗೆ ಬರುತ್ತೇನೆ, ಇಷ್ಟು ಹೊತ್ತು ಅದರ ಸುತ್ತಲೇ ತಿರುಗಿದೆ. ತೀರಿಕೊಳ್ಳುವ ಮುಂಚಿನ ಎರಡು ವರ್ಷ ಅಪ್ಪನಿಗೆ ಮರೆವು. ಮೊದಲು ಹೆಸರುಗಳು ಹೋದವು, ಆಮೇಲೆ ಊಟ ಮಾಡಿದ್ದು, ಆಮೇಲೆ ನಾವು. ಮೈ ಅದೇ, ಹಣೆಯ ಮೇಲಿನ ಗಾಯದ ಗುರುತು ಅದೇ, ತುಂಬುತೋಳಿನ ಅಂಗಿ ಅದೇ. ಒಂದು ಸಂಜೆ ಜಗಲಿಯಲ್ಲಿ ನನ್ನನ್ನು ಮರ್ಯಾದೆಯಿಂದ ಕೇಳಿದರು: "ನೀವು ಯಾರ ಮಗಳಾಯ್ತು?" "ನಿಮ್ಮ ಮಗಳೇ ಅಪ್ಪ" ಅಂದೆ. "ಒಳ್ಳೇದಾಯ್ತು" ಅಂದರು, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಅನ್ನುವ ಹಾಗೆ. ಅಂದರೆ ಚಾಸಿ ಹಾಗೇ ಇಟ್ಟು ಎಂಜಿನ್ ಬದಲಿಸುವ ಕೆಲಸ ನಮ್ಮ ಮನೆಯಲ್ಲಿ ಆ ಏಪ್ರಿಲ್‌ಗೆ ಮೊದಲೇ ನಡೆದಿತ್ತು, ಯಾರನ್ನೂ ಕೇಳದೆ.

ಒಂದು ದಿನ ಹಳೇ ಅಭ್ಯಾಸ ಏನಾದರೂ ಎಬ್ಬಿಸೀತು ಅಂತ ಅವರನ್ನು ಜೀಪಿನಲ್ಲಿ ಕೂರಿಸಿದೆ. ಕೈ ತಾನೇ ಹೀಟರಿನ ಸ್ವಿಚ್ಚಿಗೆ ಹೋಯಿತು. ಒಂದು, ಎರಡು, ಮೂರು. ನನ್ನ ಎದೆ ಬಡಿದುಕೊಳ್ಳತೊಡಗಿತು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಚಾವಿ ತಿರುಗಿಸಲಿಲ್ಲ. ಒಂದು, ಎರಡು, ಮೂರು. ನಾಲ್ಕೋ ಐದೋ ಸುತ್ತು ಎಣಿಸಿದರು. ನಾನು ಮೆಲ್ಲಗೆ ಬೆರಳು ಬಿಡಿಸಿದೆ.

ನಾಗಸೇನನ ಮಾತು ಅಲ್ಲಿ ನನ್ನ ಗಂಟಲಿನಲ್ಲಿ ಸಿಕ್ಕಿಕೊಂಡಿತು. ಅಪ್ಪ ಅನ್ನುವುದು ಇವನ್ನೆಲ್ಲ ನೆಚ್ಚಿಕೊಂಡು ನಡೆಯುವ ಒಂದು ಹೆಸರು ಅಷ್ಟೇ ಅನ್ನುವುದನ್ನು ತರ್ಕದಲ್ಲಿ ನಾನು ಈಗಲೂ ಸೋಲಿಸಲಾರೆ. ನೈಯಾಯಿಕರ ಹತ್ತಿರ ಓಡಿದರೂ ಸಮಾಧಾನವಿಲ್ಲ. ಬಿಡಿಭಾಗಗಳಿಗಿಂತ ಬೇರೆಯಾದ ಒಂದು ಇಡೀ ವಸ್ತು ಉಂಟು ಅಂತ ಬೌದ್ಧರ ಮೇಲೆ ಜಗಳಕ್ಕೆ ನಿಂತವರು ಅವರು. ಆದರೆ ಸೀರೆಯಿಂದ ಒಂದು ತುಂಡು ಹರಿದರೆ ಹಳೇ ಸೀರೆ ನಾಶವಾಯಿತು, ಈಗಿರುವುದು ಹೊಸ ಖಂಡಪಟ ಅನ್ನುವಷ್ಟು ಕಟ್ಟುನಿಟ್ಟು ಅವರದು. ಅವರ ಲೆಕ್ಕದಲ್ಲಿ ಅಪ್ಪ ಎಷ್ಟು ಸಲ ಹೋಗಿ ಬಂದರೋ! ಆದರೆ ಬೆಳಗ್ಗೆ ಎದ್ದರೆ ಅವರಿಗೆ ಹಲ್ಲುಜ್ಜಿಸಬೇಕಿತ್ತು. ಇವರು ಅವರೇನಾ ಅಂತ ತೀರ್ಮಾನ ಮಾಡಿಕೊಂಡು ಬ್ರಷ್ಷು ಹಿಡಿಯುವಷ್ಟು ಪುರುಸೊತ್ತು ಯಾರಿಗಿತ್ತು? ಅವ್ವ ಅನ್ನ ಕಲಸಿ ತುತ್ತು ಕೊಡುತ್ತ, "ನಿಮ್ಮ ಜೀಪು ನಾಳೆ ಸರ್ವಿಸಿಗೆ" ಅಂತ ಸುಳ್ಳೋ ನಿಜವೋ ಏನಾದರೂ ಹೇಳುತ್ತ ಇದ್ದಳು. ಆ ತುತ್ತು, ಆ ಮಾತು ನಿಲ್ಲದೆ ಇದ್ದಷ್ಟು ದಿನ ಅವರು ಅಪ್ಪನಾಗಿಯೇ ಇದ್ದರು. ಅವರ ಕಡೆಯಿಂದ ಹಿಡಿದ ಕೈ ಸಡಿಲಿದ ಮೇಲೂ ನಾವು ಹಿಡಿದುಕೊಂಡಿದ್ದೆವು, ಹಗ್ಗ ಬಿಗಿಯಾಗಿರಲು ಅಷ್ಟು ಸಾಕಾಯಿತು. ಋಣ ಅಂತ ನಮ್ಮ ಕಡೆ ಅನ್ನುವುದು ಇದನ್ನೇ ಇರಬೇಕು. ತತ್ವಶಾಸ್ತ್ರದ ತರಗತಿಯಲ್ಲಿ ನಮಗೆ ಥೀಸಿಯಸ್ಸನ ಹಡಗು ಹೇಳಿಕೊಟ್ಟರು, ಹಲಗೆ ಒಂದೊಂದಾಗಿ ಬದಲಾಗುವುದನ್ನು ದಡದಲ್ಲಿ ಕೂತು ನೋಡಿದೆವು. ಆ ಹಲಗೆ ಬದಲಿಸುವ ಬಡಗಿಯನ್ನು ಯಾರೂ ಏನೂ ಕೇಳಲಿಲ್ಲ.

ಪುರಿಯ ನವಕಳೇಬರವನ್ನೇ ನೋಡಿ. ಆಷಾಢ ಅಧಿಕಮಾಸ ಬರುವ ವರ್ಷ, ಈಚೆಗೆ 1996ರಲ್ಲಿ, ಮತ್ತೆ 2015ರಲ್ಲಿ, ಜಗನ್ನಾಥನಿಗೆ ಬೇವಿನ ಮರದ ಹೊಸ ಮೈ ಆಗುತ್ತದೆ. ನಡುರಾತ್ರಿ, ಕಣ್ಣಿಗೆ ಬಟ್ಟೆ, ಕೈಗೆ ಬಟ್ಟೆ ಸುತ್ತಿಕೊಂಡು ದೈತ ಸೇವಕರು ಹಳೇ ವಿಗ್ರಹದೊಳಗಿನ ಬ್ರಹ್ಮಪದಾರ್ಥವನ್ನು ಹೊಸದಕ್ಕೆ ಸಾಗಿಸುತ್ತಾರೆ. ನಾವು ಕಣದಲ್ಲಿ ಮಾಡಿದ್ದು ಇದರ ತಿರುಗುಮುರುಗು: ಮೈ ಉಳಿಸಿಕೊಂಡು ಒಳಗಿನದ್ದು ಬದಲಿಸಿದೆವು. ಆದರೆ ಪುರಿಯ ವಿಷಯದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆಮೇಲಿನ ಸಂಗತಿ. ದೇವರು ಎಲ್ಲೂ ಹೋಗಲಿಲ್ಲ, ಹೊಸ ಮೈಯಲ್ಲಿ ಇದ್ದಾನೆ ಅನ್ನುವ ನಂಬಿಕೆಯಲ್ಲಿ ಎಳ್ಳಷ್ಟೂ ಸಂಶಯವಿಲ್ಲ. ಆದರೂ ಹಳೇ ವಿಗ್ರಹಗಳನ್ನು ಕೊಯಿಲಿ ವೈಕುಂಠದಲ್ಲಿ ಹೂಳಿ, ದೈತರು ಮನೆಯವರು ಸತ್ತಂತೆ ಸೂತಕ ಹಿಡಿಯುತ್ತಾರೆ. ದೇವರು ಇದ್ದಾನೆ, ಸೂತಕವೂ ಇದೆ. ಒಂದನ್ನು ಒಪ್ಪಿಕೊಂಡಿರಿ, ಇನ್ನೊಂದು ಬಿಡಿ ಅಂತ ಅವರನ್ನು ಯಾರೂ ಕಾಡುವುದಿಲ್ಲ. ಅಡಿಗೆಮನೆಯಲ್ಲಿ ಕೂತ ಅವ್ವನನ್ನು ನಾನು ಕಾಡಿದ್ದೆ, ಮಿಲಿಂದನನ್ನು ಕರೆತಂದು.

ಕೆಲಸ ಹನ್ನೊಂದು ದಿನ ಹಿಡಿಯಿತು. ಗೇರ್‌ಬಾಕ್ಸ್ ಹಳೆಯದೇ ಇಟ್ಟುಕೊಂಡು ಬೆಲ್ ಹೌಸಿಂಗ್ ಬದಲಿಸಿದೆವು, ಮೌಂಟಿಂಗಿನ ಕಿವಿಗಳನ್ನು ಕೊಯ್ದು ಬೇರೆ ಬೆಸೆದೆವು. ಫ್ಯಾನಿಗೂ ರೇಡಿಯೇಟರಿಗೂ ನಡುವೆ ಎರಡು ಬೆರಳು ಜಾಗ ಮಾಡುವುದರಲ್ಲಿ ಒಂದು ಇಡೀ ದಿನ ಹೋಯಿತು. ಟರ್ಬೋದಿಂದ ಎಣ್ಣೆ ವಾಪಸ್ ಇಳಿಯುವ ಪೈಪು ಜೋಡಿಸಿದ್ದು ನಾನು. ಸ್ಟಾರ್ಟ್ ಮಾಡಿದರೆ ಸೈಲೆನ್ಸರಿನಿಂದ ನೀಲಿ ಹೊಗೆ ಮೋಡಮೋಡವಾಗಿ ಬಂತು. ಸೀಲು ಹೋಯಿತು, ದುಡ್ಡೂ ಹೋಯಿತು ಅಂತ ನಾನು ತಲೆ ಮೇಲೆ ಕೈಹೊತ್ತು ಕೂತೆ. ಭಾಯಿ ಜೀಪಿನ ಅಡಿಗೆ ಹೋಗಿ ಮಲಗಿ ನೋಡಿ, "ಅಕ್ಕಾ, ಪೈಪು ಹೊಟ್ಟೆ ಬಿಟ್ಕೊಂಡದೆ" ಅಂದರು. ನಾನು ಉದ್ದ ಜಾಸ್ತಿ ಬಿಟ್ಟು ಅದು ನಡುವೆ ಜೋತುಬಿದ್ದಿತ್ತು. ಎಣ್ಣೆ ಇಳಿಯಲು ದಾರಿ ಕಾಣದೆ ಸೀಲು ದಾಟಿ ಹೊಗೆಗೆ ಸೇರಿತ್ತು. ಮೂರು ಇಂಚು ಕತ್ತರಿಸಿ ಇಳಿಜಾರಾಗಿ ಕೂರಿಸಿದ ಮೇಲೆ ಹೊಗೆ ನಿಂತಿತು. ಬಂದದ್ದು ಒಳಗೆ ಉಳಿಯದೆ ಇಳಿದು ಹೋಗಬೇಕು ಅಂತ ಏನೋ ವೇದಾಂತ ಹೇಳಲು ಹೊರಟವಳು ಭಾಯಿಯ ಮುಖ ನೋಡಿ ಸುಮ್ಮನಾದೆ.

ಕಾನೂನಿಗೆ ಈ ಯಾವ ಗೊಂದಲವೂ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಮನಸ್ಸಿಗೆ ಬಂದ ಹಾಗೆ ಗಾಡಿಯನ್ನು ಮಾರ್ಪಾಡು ಮಾಡುವಂತಿಲ್ಲ, ಎಂಜಿನ್ ಬದಲಿಸುವುದಕ್ಕೆ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ತಿದ್ದುಪಡಿ ಆಗಬೇಕು. ನಾನು ಅರ್ಜಿ, ಎಂಜಿನ್ನಿನ ಬಿಲ್ಲು ಎಲ್ಲ ಹಿಡಿದು ಆರ್‌ಟಿಒ ಕಚೇರಿಗೆ ಹೋಗಿದ್ದೆ. ಕೌಂಟರಿನ ಹುಡುಗ ಪುಸ್ತಕ ತಿರುವಿ, "ಚಾಸಿ ನಂಬರ್ ಅದೇ ತಾನೆ ಮೇಡಂ? ಹಂಗಾದ್ರೆ ಗಾಡಿ ಅದೇ" ಅಂದ. ಎರಡು ಸಾವಿರ ವರ್ಷದ ಜಗಳ!

ದಸರೆ ಬಂತು. ಆಯುಧಪೂಜೆಗೆ ಅವ್ವ ಏನು ಮಾಡುತ್ತಾಳೆ ಅಂತ ನಾನು ಕಾದಿದ್ದೆ. ಜೀಪನ್ನು ತೊಳೆದು ತಂದು ನಿಲ್ಲಿಸಿದೆ. ಬಾನೆಟ್ಟಿಗೆ ಚೆಂಡುಹೂವಿನ ಹಾರ ಹಾಕಿ, ವಿಭೂತಿ ಬಳಿದು, ಕುಂಕುಮ ಇಟ್ಟು, ಬೂದುಗುಂಬಳ ಒಡೆಸಿ, ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು ಇಟ್ಟಳು. ಮುಂದೆ ಬಿಡು ಅಂದಳು. ಬಿಟ್ಟೆ. ಆಮೇಲೆ ತಟ್ಟೆಯಲ್ಲಿ ಇನ್ನೂ ಒಂದು ನಿಂಬೆಹಣ್ಣು ಇತ್ತು. ಅದನ್ನು ಹಿಡಿದುಕೊಂಡು ಒಬ್ಬಳೇ ಕೆರೆ ಕಡೆ ನಡೆದಳು. ಅಪ್ಪನ ಎಂಜಿನ್ ಅಲ್ಲಿತ್ತು. ಭಾಯಿ ಅದನ್ನು ಕೆರೆ ಏರಿಯ ಮೇಲೆ ಕಬ್ಬಿಣದ ಚೌಕಟ್ಟಿಗೆ ಕೂರಿಸಿ ಪಂಪಿಗೆ ಜೋಡಿಸಿದ್ದರು. ಗುಡ್ಡ ಹತ್ತಲಾರದ್ದು ನಿಂತಲ್ಲಿ ತಿರುಗಲು ಧಾರಾಳ ಸಾಕು. ಗಾಲಿ ಇಲ್ಲದ್ದಕ್ಕೆ ನಿಂಬೆಹಣ್ಣು ಎಲ್ಲಿಡುವುದು ಅಂತ ಅವ್ವ ಸುತ್ತ ಒಂದು ಸಲ ಬಂದಳು. ಕೊನೆಗೆ ಕಾಲಲ್ಲೇ ಒತ್ತಿ ಜಜ್ಜಿದಳು. ನನಗೆ ಒಂದು ಮಾತೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಾಯಿಯ ಮತ ಬೇರೆ. ಅದು ಅಪ್ಪ ಇದ್ದಾಗಿನದು. ಗೇಟಿನ ಹತ್ತಿರ ಜೀಪಿನ ಸದ್ದು ಕೇಳಿದರೆ ಎಲ್ಲಿದ್ದರೂ ಎದ್ದು ಓಡುತ್ತಿತ್ತು. ಹೊಸ ಎಂಜಿನ್ ಬಂದ ಮೇಲೆ ಜೀಪು ಬಂದರೆ ತಲೆ ಎತ್ತಿ ನೋಡಿ, ಯಾರೋ ನೆಂಟರು ಅನ್ನುವ ಹಾಗೆ ಮತ್ತೆ ಮಲಗುತ್ತದೆ. ಈ ಫೆಬ್ರವರಿಯಲ್ಲಿ ಹೂವಿಗೆ ನೀರು ಹೊಡೆಯಲು ಮೊದಲ ಸಲ ಪಂಪ್ ಹಾಕಿದೆವು. ಹಳೇ ಪ್ಯೂಜೋ ಕೆರೆ ಏರಿಯ ಮೇಲೆ ಗೊರಗೊರ ಅಂದದ್ದೇ ತಡ, ನಾಯಿ ಜಗಲಿ ಹಾರಿ ಕಾಫಿ ಗಿಡದ ಸಂದಿಯಲ್ಲಿ ನುಗ್ಗಿ ಕೆರೆಗೆ ಓಡಿತು. ಎಂಜಿನ್ನಿನ ಸುತ್ತ ಬಾಲ ಆಡಿಸಿ, ಡ್ರೈವರ್ ಇಳಿಯುವ ಪಕ್ಕ ಯಾವುದು ಅಂತ ಹುಡುಕುತ್ತ ನಿಂತಿತು. ನಮ್ಮ ದರ್ಶನಗಳಲ್ಲಿ ಶಬ್ದಪ್ರಮಾಣ ಅಂದರೆ ಆಪ್ತರ ಮಾತೇ ಸಾಕ್ಷಿ. ಅದನ್ನು ಇಷ್ಟು ನೇರವಾಗಿ ನಂಬಿದವರನ್ನು ನಾನು ಮತ್ತೆಲ್ಲೂ ನೋಡಿಲ್ಲ. ಮೊದಲ ವಾರ ನೋಡಲು ಕಷ್ಟವಾಯಿತು. ಈಗ ಪಂಪ್ ಹಾಕಿದ ದಿನ ಅದರ ಊಟವನ್ನೂ ಕೆರೆಗೇ ಒಯ್ಯುತ್ತೇವೆ.

ಹೊಸ ಎಂಜಿನ್‌ಗೆ ಬೆಳಗ್ಗೆ ಹೀಟರ್ ಬೇಕಿಲ್ಲ. ಚಾವಿ ತಿರುಗಿಸಿದರೆ ಎದ್ದುಬಿಡುತ್ತದೆ, ಚಳಿಗೂ ಕೇಳುವುದಿಲ್ಲ. ಎಣಿಸಲು ಏನೂ ಇರಲಿಲ್ಲ. ಆದರೆ ಭಾಯಿ ಕೊನೆಯ ದಿನ ಕೈ ಒರೆಸಿಕೊಳ್ಳುತ್ತ ಒಂದು ಮಾತು ಹೇಳಿ ಹೋಗಿದ್ದರು: "ಅಕ್ಕಾ, ಗುಡ್ಡ ಹತ್ತಿ ಬಂದವರು ಹಂಗೇ ಆಫ್ ಮಾಡ್ಬೇಡಿ. ಟರ್ಬೋ ಒಳಗೆ ಕಾದಿರ್ತದೆ, ಸುತ್ತಾ ಇರ್ತದೆ. ಎಂಜಿನ್ ನಿಂತ್ರೆ ಎಣ್ಣೆ ನಿಲ್ತದೆ, ಇದ್ದಲ್ಲೇ ಸುಟ್ಟು ಕಪ್ಪಾಗ್ತದೆ. ಒಂದು ನಿಮಿಷ ಸುಮ್ನೆ ಓಡ್ಲಿ, ಆಮೇಲೆ ಆಫ್ ಮಾಡಿ."

ಗಡಿಯಾರ ನೋಡುವ ಅಭ್ಯಾಸ ನನಗಿಲ್ಲ. ನಿನ್ನೆ ಸಂಜೆ ಮೇಲಿನ ತೋಟದಿಂದ ಆಳುಗಳನ್ನು ಇಳಿಸಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿ, ಎಂಜಿನ್ನನ್ನು ಓಡಲು ಬಿಟ್ಟು, ಎಣಿಸುತ್ತ ಕೂತಿದ್ದೆ. ಇಪ್ಪತ್ತರ ಮೂರು ಸುತ್ತು ಆದರೆ ಒಂದು ನಿಮಿಷ. ಎರಡನೇ ಸುತ್ತಿನಲ್ಲಿ ಹದಿನೇಳಕ್ಕೆ ಬಂದಿರಬೇಕು, ಅಡಿಗೆಮನೆ ಕಿಟಕಿಯಿಂದ ಅವ್ವನ ದನಿ ಬಂತು.

"ಎಣಿಸಿ ಆಯ್ತಾ? ಕಾಫಿ ಆರ್ತದೆ."